ಸ್ನೋಡನ್ ಲಾಳ: ಬಳಕೆಗೆ ಮುನ್ನ ಓದತಕ್ಕದ್ದು



ಉತ್ತರ ವೇಲ್ಸಿನ ಸ್ನೋಡನ್ ಲಾಳವನ್ನು ಒಂದು ದಿನದ ಮಟ್ಟಿಗೆ ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಮಿಕ್ಸಿಯ ಜೊತೆ ಬರುವ ಕೈಪಿಡಿಯನ್ನು ನಾವು ತೆರೆದು ನೋಡುವುದು ಮಿಕ್ಸಿ ಕೆಟ್ಟ ಮೇಲೆ. ಸದರಿ ಉತ್ಪನ್ನಕ್ಕೆ ಆ ಪದ್ಧತಿ ಒಗ್ಗುವುದಿಲ್ಲ. ಸುಮಾರು 45 ಕೋಟಿ ವರ್ಷಗಳಿಂದ ಇದು ಕೆಟ್ಟ ದಾಖಲೆಯಿಲ್ಲ, ಕೆಡುವವರು ಗ್ರಾಹಕರೇ. ಆದಕಾರಣ ಕೆಳಕಂಡ ಸೂಚನೆಗಳನ್ನು ಕಾರಿನಲ್ಲಿ ಕೂತಾಗಲೇ, ಮೊಬೈಲಿಗೆ ಸಿಗ್ನಲ್ ಇರುವಾಗಲೇ ಓದಿ ಮುಗಿಸತಕ್ಕದ್ದು.

1. ಉತ್ಪನ್ನದ ವಿವರ

ಹೆಸರು: ಸ್ನೋಡನ್ ಹಾರ್ಸ್‌ಶೂ. ಆಕಾರ: ಕುದುರೆ ಲಾಳ. ನಡುವೆ ಲಿನ್ ಲಿಡಾವ್ ಮತ್ತು ಗ್ಲಾಸ್‌ಲಿನ್ ಎಂಬ ಎರಡು ಕೆರೆಗಳು, ಸುತ್ತ ಅರ್ಧಚಂದ್ರವಾಗಿ ನಿಂತ ಬೆಟ್ಟಸಾಲು. ಹೊರಟ ಜಾಗಕ್ಕೇ ಬಂದು ಸೇರುವ ಹಾದಿ, ಸುಮಾರು 12 ಕಿಲೋಮೀಟರ್.

ಶಿಖರಗಳು ನಾಲ್ಕು. ಕ್ರೀಬ್ ಗೋಖ್, 923 ಮೀಟರ್. ಗಾರ್ನೆದ್ ಇಗೈನ್, 1065 ಮೀಟರ್. ಅರ್ ವಿದ್ವಾ, ಅಂದರೆ ಇಂಗ್ಲಿಷರ ಬಾಯಲ್ಲಿ ಸ್ನೋಡನ್, 1085 ಮೀಟರ್. ವೇಲ್ಸಿನಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ಕೊನೆಯದು ಲಿವೆದ್, 898 ಮೀಟರ್.

ಇಷ್ಟು ಓದುತ್ತಲೇ ಕರ್ನಾಟಕದ ಗ್ರಾಹಕರ ಮುಖದಲ್ಲಿ ಒಂದು ಬಗೆಯ ನಗು ಮೂಡುವುದು ವಾಡಿಕೆ. ಬೆಂಗಳೂರು ನಗರವೇ ಸಮುದ್ರಮಟ್ಟದಿಂದ 920 ಮೀಟರ್ ಎತ್ತರದಲ್ಲಿದೆ. ಎಂದರೆ ಬಸವನಗುಡಿಯಲ್ಲಿ ಪಂಚೆ ಉಟ್ಟು ಕಾಫಿ ಕುಡಿಯುವ ಹಿರಿಯರು, ಎತ್ತರದ ಲೆಕ್ಕದಲ್ಲಿ, ಆಗಲೇ ಕ್ರೀಬ್ ಗೋಖ್‌ನ ನೆತ್ತಿಯಲ್ಲಿದ್ದಾರೆ. ವೇಲ್ಸಿನ ಅತಿ ಎತ್ತರದ ಶಿಖರಕ್ಕೂ ಚಿಕ್ಕಮಗಳೂರಿನ ಬಸ್ ನಿಲ್ದಾಣಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರ. ಮುಳ್ಳಯ್ಯನಗಿರಿಯಂತೂ 1930 ಮೀಟರ್. ನಗು ಸಹಜ. ಆದರೆ ಚಿಕ್ಕಮಗಳೂರು ಬಸ್ ನಿಲ್ದಾಣದ ಎರಡೂ ಪಕ್ಕದಲ್ಲಿ ಪ್ರಪಾತವಿಲ್ಲ ಎಂಬುದನ್ನು ಗ್ರಾಹಕರು ಗಮನಿಸತಕ್ಕದ್ದು. ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕೂ ಮೊಣಕಾಲಿಗೂ ನೇರ ಸಂಬಂಧವಿಲ್ಲ. ಹೊರಡುವ ಪೆನ್-ಅ-ಪಾಸ್ ಇರುವುದು 359 ಮೀಟರಿನಲ್ಲಿ. ಅಲ್ಲಿಂದ ಏರಿ, ಇಳಿದು, ಮತ್ತೆ ಏರಿ, ಮತ್ತೆ ಇಳಿಯುವಷ್ಟರಲ್ಲಿ ಒಟ್ಟು ಏರಿಕೆ ಸಾವಿರ ಮೀಟರ್ ದಾಟುತ್ತದೆ.

ಹಿಡಿಯುವ ಸಮಯ: ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಲೆಕ್ಕ ಕೊಟ್ಟ. ಈಗಿನ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಆ ಪ್ರಕಾರ ಲಾಳ ಮುಗಿಯಲು ನಾಲ್ಕು ಗಂಟೆ ಸಾಕು. ವಾಸ್ತವದಲ್ಲಿ ಆರರಿಂದ ಎಂಟು ಗಂಟೆ ಬೇಕು. ನೇಸ್ಮಿತ್ ಲೆಕ್ಕ ಹಾಕಿದ್ದು ಕಾಲಿನಲ್ಲಿ ನಡೆಯುವವರಿಗೆ. ಕ್ರೀಬ್ ಗೋಖ್ ಮೇಲೆ ಬಹುಪಾಲು ಗ್ರಾಹಕರು ಕೈ, ಮೊಣಕಾಲು ಹಾಗೂ ಕುಳಿತುಕೊಳ್ಳಲು ಬಳಸುವ ಅಂಗದ ಮೇಲೂ ಚಲಿಸುತ್ತಾರೆ.

2. ತಯಾರಿಕೆ

ಕಚ್ಚಾವಸ್ತು: ಜ್ವಾಲಾಮುಖಿಯ ಬೂದಿ, ಲಾವಾ, ಸಮುದ್ರತಳದ ಕೆಸರು. ಶಿಖರದ ಹತ್ತಿರದ ಬಂಡೆಗಳಲ್ಲಿ ಕಡಲಚಿಪ್ಪಿನ ಪಳೆಯುಳಿಕೆಗಳು ಸಿಗುತ್ತವೆ. ಇಂದು ಮೋಡಕ್ಕೆ ತಾಗುವ ಕಲ್ಲು ಒಂದು ಕಾಲಕ್ಕೆ ನೀರಡಿಯಲ್ಲಿತ್ತು.

ಕೆತ್ತನೆ: ಹಿಮನದಿ. ಹಿಮಯುಗದಲ್ಲಿ ಬೆಟ್ಟದ ಮಗ್ಗುಲಿನ ಒಂದೊಂದು ಕುಳಿಯಲ್ಲೂ ಮಂಜುಗಡ್ಡೆ ಕೂತು, ಬೆಟ್ಟವನ್ನು ಒಳಗೊಳಗೇ ಕೊರೆಯಿತು. ಈ ಮಗ್ಗುಲಿನ ಕುಳಿ ಅತ್ತ, ಆ ಮಗ್ಗುಲಿನ ಕುಳಿ ಇತ್ತ ಬೆಳೆಯುತ್ತ ಬಂದು ನಡುವೆ ಉಳಿದ ತೆಳ್ಳನೆಯ ಗೋಡೆಯೇ ಕ್ರೀಬ್ ಗೋಖ್‌ನ ಏಣು. ಇನ್ನೂ ಸ್ವಲ್ಪ ಕಾಲ ಚಳಿ ಮುಂದುವರಿದಿದ್ದರೆ ಅದೂ ಉಳಿಯುತ್ತಿರಲಿಲ್ಲ, ಈ ಕೈಪಿಡಿಯೂ ಬೇಕಾಗುತ್ತಿರಲಿಲ್ಲ.

ಇದನ್ನೆಲ್ಲ ನೋಡಿದ ಕೂಡಲೇ ತಿಳಿಯುತ್ತದೆ ಎಂದು ಯಾರೂ ಭಾವಿಸಬಾರದು. ಚಾರ್ಲ್ಸ್ ಡಾರ್ವಿನ್ 1831ರಲ್ಲಿ ಭೂವಿಜ್ಞಾನಿ ಆ್ಯಡಮ್ ಸೆಜ್ವಿಕ್ ಜೊತೆ ಹತ್ತಿರದ ಕುಮ್ ಇಡ್ವಲ್ ಕಣಿವೆಗೆ ಬಂದ. ಇಬ್ಬರೂ ಗಂಟೆಗಟ್ಟಲೆ ಪಳೆಯುಳಿಕೆ ಹುಡುಕಿದರು. ಕಣ್ಣೆದುರಿಗಿದ್ದ ಹಿಮನದಿಯ ಗೀರುಗಳು, ಅದು ಬಿಟ್ಟುಹೋದ ಬಂಡೆಗಳು ಇಬ್ಬರಿಗೂ ಕಾಣಲಿಲ್ಲ. ಹನ್ನೊಂದು ವರ್ಷದ ಮೇಲೆ ಮತ್ತೆ ಬಂದಾಗಲೇ ಡಾರ್ವಿನ್‌ಗೆ ಅವು ಕಂಡದ್ದು. ಬೆಟ್ಟಕ್ಕೆ ಬರುವವರು ತಾವು ಹುಡುಕಿಕೊಂಡು ಬಂದದ್ದನ್ನು ಮಾತ್ರ ನೋಡುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಫೋಟೋ ಹುಡುಕಿಕೊಂಡು ಬಂದವರಿಗೆ ಮೋಡ ಕಾಣುವುದಿಲ್ಲ.

3. ಪೆಟ್ಟಿಗೆಯಲ್ಲಿ ಏನೇನು ಇರತಕ್ಕದ್ದು

ಉತ್ಪನ್ನದ ಜೊತೆ ಯಾವ ಬಿಡಿಭಾಗವನ್ನೂ ಕೊಡುವುದಿಲ್ಲ. ಗ್ರಾಹಕರೇ ತರಬೇಕು.

ಅ) ಗಟ್ಟಿ ಅಟ್ಟೆಯ ಬೂಟು. ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಬೂಟಿಗೆ ಒದ್ದೆ ಕಲ್ಲಿನ ಪರಿಚಯ ಇರುವುದಿಲ್ಲ. ಆ ಪರಿಚಯವನ್ನು ಕ್ರೀಬ್ ಗೋಖ್ ಮೇಲೆ ಮಾಡಿಸಬಾರದು.

ಆ) ಮಳೆಯಂಗಿ, ಮಳೆ ಪ್ಯಾಂಟು. ಕ್ರೀಬ್ ಗೋಖ್ ಬ್ರಿಟನ್ನಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಮೂವತ್ತು ವರ್ಷದ ಸರಾಸರಿ ತೆಗೆದಾಗ ವರ್ಷಕ್ಕೆ 4473 ಮಿಲಿಮೀಟರ್ ಬಂದಿತ್ತು. "ನಮ್ಮ ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತೆ ಸ್ವಾಮಿ" ಎಂದು ತೀರ್ಥಹಳ್ಳಿ ಕಡೆಯ ಗ್ರಾಹಕರು ಇಲ್ಲಿ ಆಕ್ಷೇಪ ಎತ್ತುತ್ತಾರೆ. ಆಕ್ಷೇಪವನ್ನು ಒಪ್ಪಲಾಗಿದೆ. ಆದರೆ ಆಗುಂಬೆಯ ಮಳೆಗೆ ಒಂದು ಶಿಸ್ತಿದೆ. ಜೂನಿನಲ್ಲಿ ಬಂದು ದಸರೆ ಹೊತ್ತಿಗೆ ಹೋಗುತ್ತದೆ. ವೇಲ್ಸಿನ ಮಳೆ ಹನ್ನೆರಡು ತಿಂಗಳೂ ಮನೆಯಲ್ಲೇ ಇರುತ್ತದೆ, ಮತ್ತು ಮೇಲಿನಿಂದಷ್ಟೇ ಅಲ್ಲದೆ ಅಡ್ಡಡ್ಡವೂ ಬೀಳುತ್ತದೆ. ಕೊಡೆಯನ್ನು ಕಾರಿನಲ್ಲಿಯೇ ಬಿಡತಕ್ಕದ್ದು.

ಇ) ಉಣ್ಣೆಯ ಟೋಪಿ, ಕೈಗವಸು, ಒಂದು ಹೆಚ್ಚುವರಿ ಸ್ವೆಟರು. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಗಾಳಿಯ ಲೆಕ್ಕ ಬೇರೆ. ಜುಲೈ ತಿಂಗಳಿಗೂ ಈ ಷರತ್ತು ಅನ್ವಯಿಸುತ್ತದೆ.

ಈ) ಕಾಗದದ ನಕ್ಷೆ ಮತ್ತು ದಿಕ್ಸೂಚಿ. ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಒಎಲ್ 17 ಎಂಬ ಹಾಳೆ ಬೇಕು. ಎತ್ತರದ ಗೆರೆಗಳು ಒತ್ತೊತ್ತಾಗಿ ಬಂದು ದಟ್ಟ ಪಟ್ಟಿಯಾಗಿ ಕಂಡರೆ ಅದು ಮುದ್ರಣದೋಷವಲ್ಲ, ಬಂಡೆ. ಫೋನಿನಲ್ಲಿ ನಕ್ಷೆ ಇದೆ ಎನ್ನುವವರು ಚಳಿಯಲ್ಲಿ ಬ್ಯಾಟರಿ ಎಷ್ಟು ಬೇಗ ಕುಸಿಯುತ್ತದೆ ಎಂಬುದನ್ನೂ, ಒದ್ದೆ ಬೆರಳಿಗೆ ಪರದೆ ಓಗೊಡುವುದಿಲ್ಲ ಎಂಬುದನ್ನೂ ಮನೆಯಲ್ಲೇ ಪರೀಕ್ಷಿಸಿ ನೋಡತಕ್ಕದ್ದು.

ಉ) ತಲೆಗೆ ಕಟ್ಟುವ ಟಾರ್ಚು ಮತ್ತು ಸೀಟಿ. ಜೂನಿನಲ್ಲಿ ಹದಿನೇಳು ಗಂಟೆ ಬೆಳಕಿರುತ್ತದೆ ನಿಜ. ಡಿಸೆಂಬರಿನಲ್ಲಿ ಅದು ಎಂಟೂ ಇರುವುದಿಲ್ಲ. ನಾಲ್ಕು ಗಂಟೆಗೆ ಸೂರ್ಯ ಮುಳುಗುತ್ತಾನೆ.

ಊ) ಬುತ್ತಿ. ಪುಳಿಯೋಗರೆಯನ್ನು ತಜ್ಞರು ಶಿಫಾರಸು ಮಾಡುವುದಿಲ್ಲ. ಡಬ್ಬಿಯ ಮುಚ್ಚಳ ತೆರೆದ ಕ್ಷಣಕ್ಕೆ ಅನ್ನದ ಅಗುಳು ಗಾಳಿಯ ಪಾಲಾಗಿ, ಹಿಂದೆ ಕೂತ ಅಪರಿಚಿತರ ಕನ್ನಡಕದ ಮೇಲೆ ಕಡಲೆಬೀಜ ಸಮೇತ ಅಂಟಿಕೊಳ್ಳುತ್ತದೆ. ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿ, ಕೋಡುಬಳೆ, ಕಡಲೆಮಿಠಾಯಿ ಉತ್ತಮ. ಕೈಗವಸು ತೆಗೆಯದೆಯೇ ತಿನ್ನಬಹುದು. ಶಿಖರದ ಮೇಲಿನ ಕಡಲಹಕ್ಕಿಗಳು ಯಾರ ಕೈಯಿಂದ ಏನನ್ನು ಬೇಕಾದರೂ ಕಸಿಯುತ್ತವೆ. ಅವು ಕೋಡುಬಳೆಯ ರುಚಿ ನೋಡದಂತೆ ಕಾಯುವುದು ಗ್ರಾಹಕರ ಹೊಣೆ.

ಋ) ಪೆಟ್ಟಿಗೆಯಿಂದ ತೆಗೆದಿಡಬೇಕಾದ್ದು: ಕುಮಾರಪರ್ವತ. ಪ್ರತಿ ಗುಂಪಿನಲ್ಲೂ ಒಬ್ಬರು "ನಾನು ಕುಕ್ಕೆಯಿಂದ ಕುಮಾರಪರ್ವತ ಒಂದೇ ದಿನ ಹತ್ತಿ ಇಳಿದವನು" ಎನ್ನುವವರು ಇರುತ್ತಾರೆ. ಅವರು ಹತ್ತಿರುವುದೂ ನಿಜ, 1712 ಮೀಟರಿನ ಆ ಬೆಟ್ಟ ಕಾಲಿಗೆ ಇದಕ್ಕಿಂತ ಭಾರಿ ಪರೀಕ್ಷೆ ಎಂಬುದೂ ನಿಜ. ಆದರೆ ಅಲ್ಲಿ ಬೇಕಾದದ್ದು ಉಸಿರು. ಇಲ್ಲಿ ಬೇಕಾದದ್ದು ಎಡಗಾಲು ಎಲ್ಲಿಡಬೇಕು ಎಂಬ ನಿರ್ಧಾರವನ್ನು ನೂರಾರು ಸಲ ತಪ್ಪಿಲ್ಲದೆ ಮಾಡುವ ತಾಳ್ಮೆ.

4. ಅಳವಡಿಕೆ

ಮೊದಲು ಹವಾಮಾನ. ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸು ಎರೀರಿ, ಅಂದರೆ ಈ ಸೀಮೆಯ, ಬೆಟ್ಟಗಳಿಗೆಂದೇ ಪ್ರತ್ಯೇಕ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಬಿಸಿಲಿನ ಚಿತ್ರವನ್ನು ನೋಡಿ ತೃಪ್ತರಾಗಬಾರದು. ಗಾಳಿಯ ವೇಗ ಬರೆದ ಸಾಲಿಗೆ ಹೋಗತಕ್ಕದ್ದು. ಗಂಟೆಗೆ 40 ಮೈಲಿಯ ಬೀಸಿಗೆ ಸಪಾಟು ನೆಲದಲ್ಲೇ ಹೆಜ್ಜೆ ತಪ್ಪುತ್ತದೆ. ಏಣಿನ ಮೇಲೆ ತಪ್ಪುವುದಕ್ಕೆ ಜಾಗವಿಲ್ಲ.

ಆಮೇಲೆ ಕಾರು. ಪೆನ್-ಅ-ಪಾಸ್‌ನ ನಿಲುಗಡೆ ಚಿಕ್ಕದು, ಹಂಗಾಮಿನಲ್ಲಿ ಮುಂಗಡ ಕಾಯ್ದಿರಿಸಿದವರಿಗೆ ಮಾತ್ರ. ಉಳಿದವರು ಕೆಳಗೆ ನಾಂಟ್ ಪೆರಿಸ್‌ನಲ್ಲಿ ಕಾರು ಬಿಟ್ಟು ಬಸ್ಸು ಹತ್ತಬೇಕು. ಆ ಬಸ್ ಸೇವೆಯ ಹೆಸರು ಶೆರ್ಪಾ. ಹೆಸರಿಟ್ಟವರಿಗೆ ಹಕ್ಕೂ ಇದೆ: 1953ರ ಎವರೆಸ್ಟ್ ತಂಡ ತಾಲೀಮಿಗೆ ಬಂದು ತಂಗಿದ್ದು ಇದೇ ರಸ್ತೆಯ ಪೆನ್-ಅ-ಗೂರಿಡ್ ಹೋಟೆಲಿನಲ್ಲಿ, ಆ ಹೋಟೆಲಿನ ಒಳಛಾವಣಿಯಲ್ಲಿ ಅವರ ರುಜುಗಳಿವೆ. ಅದಕ್ಕೂ ಮುಂಚೆ, 1924ರಲ್ಲಿ ಎವರೆಸ್ಟ್ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿ ಬಂಡೆ ಹತ್ತುವುದನ್ನು ಪಳಗಿಸಿಕೊಂಡದ್ದು ಈ ಲಾಳದ ಕೊನೆಯ ತೋಳಾದ ಲಿವೆದ್‌ನ ಗೋಡೆಯಲ್ಲಿ. ಎತ್ತರ ನೋಡಿ ನಕ್ಕ ಗ್ರಾಹಕರು ಈ ಪ್ಯಾರಾವನ್ನು ಇನ್ನೊಮ್ಮೆ ಓದಬಹುದು.

ಇನ್ನು ದಿಕ್ಕು. ಇದು ಮುಖ್ಯ. ನಮ್ಮಲ್ಲಿ ಸುತ್ತು ಬರುವುದೆಂದರೆ ಪ್ರದಕ್ಷಿಣೆ, ಸುತ್ತುವ ವಸ್ತು ಬಲಗೈ ಕಡೆ ಇರಬೇಕು. ಸ್ನೋಡನ್ ಲಾಳವನ್ನು ಸಂಪ್ರದಾಯವಾಗಿ ಸುತ್ತುವುದು ಅಪ್ರದಕ್ಷಿಣೆಯಾಗಿ, ಕೆರೆಗಳನ್ನು ಎಡಗಡೆ ಇಟ್ಟುಕೊಂಡು. ಕಾರಣ ಶಾಸ್ತ್ರವಲ್ಲ, ಬಂಡೆ. ಕ್ರೀಬ್ ಗೋಖ್‌ನ ಪೂರ್ವದ ಏರು ಹತ್ತುವಾಗ ಕಣ್ಣೆದುರೇ ಹಿಡಿಗಳು ಕಾಣುತ್ತವೆ. ಇಳಿಯುವಾಗ ಅದೇ ಹಿಡಿಗಳನ್ನು ಕಾಲು ಕುರುಡಾಗಿ ತಡಕಬೇಕು. ಅಲ್ಲದೆ ದಿನದ ಅತಿ ಕಠಿಣ ಭಾಗವನ್ನು ಬೆಳಗಿನ ಹುರುಪಿನಲ್ಲೇ ಮುಗಿಸುವುದು ಒಳ್ಳೆಯದು. ಊರಿಂದ ಬಂದ ಅತ್ತೆಯವರು "ಎಡಸುತ್ತು ಸುತ್ತಬಾರದಪ್ಪಾ" ಎಂದರೆ, ಅವರನ್ನು ಲಾನ್‌ಬೆರಿಸ್‌ನಿಂದ ರೈಲು ಹತ್ತಿಸುವುದು ಕ್ಷೇಮ (ನೋಡಿ: 5ನೇ ಅಧ್ಯಾಯ, ಹಂತ 4).

5. ಚಾಲನೆ

ಹಂತ 1. ಪೆನ್-ಅ-ಪಾಸ್‌ನಿಂದ ಪಿಗ್ ಹಾದಿ ಹಿಡಿಯಿರಿ. ಕಲ್ಲು ಹಾಸಿದ ದಾರಿ, ಮುಕ್ಕಾಲು ಗಂಟೆಯ ಏರು. ಗುಂಪಿನಲ್ಲಿ ಎಲ್ಲರೂ ಮಾತನಾಡುತ್ತಿರುತ್ತಾರೆ. ಬೆಂಗಳೂರಿನ ಸೈಟಿನ ಬೆಲೆ, ಮಕ್ಕಳ ಶಾಲೆ, ವೀಸಾ. ಮಾತು ನಡೆಯುತ್ತಿದೆ ಎಂದರೆ ವೇಗ ಸರಿಯಾಗಿದೆ ಎಂದರ್ಥ.

ಹಂತ 2. ಬುಲ್ಖ್ ಅ ಮೋಖ್ ಎಂಬ ತಗ್ಗಿನಲ್ಲಿ ನಿಲ್ಲಿರಿ. ದಾರಿ ಇಲ್ಲಿ ಎರಡಾಗುತ್ತದೆ. ಪಿಗ್ ಹಾದಿ ಎಡಕ್ಕೆ ಬೆಟ್ಟದ ಮಗ್ಗುಲಲ್ಲಿ ಸಾಗಿ ಶಿಖರಕ್ಕೇ ಹೋಗುತ್ತದೆ. ಬಲಗಡೆ ಮೇಲಕ್ಕೆ ನುಗ್ಗುವುದು ಕ್ರೀಬ್ ಗೋಖ್. ಫಲಕವಿದೆ. ಆದರೂ ಮುಂದೆ ಹೋಗುವವರ ಬೆನ್ನು ನೋಡಿಕೊಂಡು ಬಲಕ್ಕೆ ಹತ್ತಿ, ಅರ್ಧ ದಾರಿಯಲ್ಲಿ "ಇದೇನಾ ಪಿಗ್ ಹಾದಿ?" ಎಂದು ಕೇಳುವವರು ಇದ್ದಾರೆ. ಈ ಪ್ರಶ್ನೆಯನ್ನು ಕೆಳಗೆ ನಿಂತಾಗ ಕೇಳುವುದು ಅಗ್ಗ.

ಹಂತ 3. ಕ್ರೀಬ್ ಗೋಖ್. ಈಗ ಮಾತು ತಾನಾಗಿ ನಿಲ್ಲುತ್ತದೆ. ಸೈಟಿನ ಬೆಲೆ ಯಾರಿಗೂ ಬೇಡ. ಕೈ ಬಳಸಿ ಹತ್ತುವ ಬಂಡೆ ಮುಗಿದ ಮೇಲೆ ಏಣು ಶುರುವಾಗುತ್ತದೆ. ಬಲಕ್ಕೆ ನೇರ ಪ್ರಪಾತ, ಎಡಕ್ಕೆ ಕಡಿದಾದ ಇಳಿಜಾರು. ವಿಧಾನ ಇದು: ಏಣಿನ ನೆತ್ತಿಯನ್ನು ಕೈಯಲ್ಲಿ ಕಟಾಂಜನದಂತೆ ಹಿಡಿದು, ಕಾಲನ್ನು ಎಡಗಡೆ ಸ್ವಲ್ಪ ಕೆಳಗೆ ಊರಿ ಸಾಗಿರಿ. ನೆತ್ತಿಯ ಮೇಲೇ ಕೈ ಬಿಟ್ಟು ನಡೆದು ಹೋಗುವವರೂ ಸಿಗುತ್ತಾರೆ. ಅವರಿಗೆ ದಾರಿ ಬಿಡಿ, ಅನುಕರಿಸಬೇಡಿ. ಸೆಲ್ಫಿ ಕೋಲನ್ನು ಇಲ್ಲಿ ಹೊರತೆಗೆದವರ ಸಂಗಡ ಬಂದಿದ್ದೇವೆ ಎಂದು ಯಾರಿಗೂ ಹೇಳಬೇಡಿ.

ಏಣಿನ ತುದಿಯಲ್ಲಿ ಮೂರು ಕಲ್ಲುಗೋಪುರಗಳು ಅಡ್ಡ ನಿಲ್ಲುತ್ತವೆ. ದೂರದಿಂದ ಅಸಾಧ್ಯ ಎನಿಸುತ್ತವೆ. ಹತ್ತಿರ ಹೋದರೆ ಹಿಡಿಗಳು ಕಾಣುತ್ತವೆ. ಅವು ದಾಟಿದ ಮೇಲೆ ಬುಲ್ಖ್ ಕೋಖ್‌ನ ಹುಲ್ಲುನೆಲ. ಕೂತು ಒಂದು ಕೋಡುಬಳೆ ತಿನ್ನಿರಿ. ಕೈ ನಡುಗುತ್ತಿದ್ದರೆ ಚಳಿಗೆ ಎಂದು ಹೇಳಿಕೊಳ್ಳಲು ಅವಕಾಶವಿದೆ.

ಹಂತ 4. ಗಾರ್ನೆದ್ ಇಗೈನ್ ದಾಟಿ ಅರ್ ವಿದ್ವಾ. ಗಾರ್ನೆದ್ ಇಗೈನ್ ವೇಲ್ಸಿನ ಎರಡನೆಯ ಅತಿ ಎತ್ತರದ ಶಿಖರ. ಆದರೆ ಮೊದಲನೆಯದು ಪಕ್ಕದಲ್ಲೇ ಇರುವುದರಿಂದ ಇದರ ಮೇಲೆ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡನೆಯ ರ‍್ಯಾಂಕಿನ ಮಕ್ಕಳಿದ್ದ ಮನೆಯವರು ಮಾತ್ರ ಇಲ್ಲಿ ಎರಡು ನಿಮಿಷ ಕೂರುತ್ತಾರೆ.

ಅಲ್ಲಿಂದ ಇಳಿದು ಬುಲ್ಖ್ ಗ್ಲಾಸ್ ಎಂಬ ತಗ್ಗು ಸೇರಿದಾಗ ಒಂದು ಆಘಾತ ಕಾದಿದೆ: ರೈಲು. 1896ರಿಂದ ಲಾನ್‌ಬೆರಿಸ್ ಊರಿನಿಂದ ಶಿಖರದವರೆಗೆ ಸುಮಾರು ಏಳೂವರೆ ಕಿಲೋಮೀಟರ್ ರೈಲು ಹತ್ತುತ್ತಿದೆ. ಹಳಿಗಳ ನಡುವೆ ಹಲ್ಲುಪಟ್ಟಿ. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ ಶುರುವಾದ ನೀಲಗಿರಿ ರೈಲಿನದೂ ಇದೇ ಆಬ್ಟ್ ಪದ್ಧತಿ. ನೀವು ಮೂರ‍್ನಾಲ್ಕು ಗಂಟೆ ಬಂಡೆ ತಬ್ಬಿಕೊಂಡು ಬಂದ ಜಾಗಕ್ಕೆ ಅತ್ತೆಯವರು ಸೀರೆಯ ಮೇಲೆ ಶಾಲು ಹೊದ್ದು, ಕಿಟಕಿ ಪಕ್ಕ ಕೂತು, ಒಂದು ಗಂಟೆಯಲ್ಲಿ ಬಂದಿರುತ್ತಾರೆ. "ಯಾಕಪ್ಪಾ ಇಷ್ಟು ಹೊತ್ತು?" ಎಂಬ ಅವರ ಪ್ರಶ್ನೆಗೆ ಈ ಕೈಪಿಡಿಯಲ್ಲಿ ಉತ್ತರವಿಲ್ಲ.

ಶಿಖರದಲ್ಲಿ ಹಾವೊಡ್ ಎರೀರಿ ಎಂಬ ಕೆಫೆ ಇದೆ, 2009ರಲ್ಲಿ ತೆರೆದದ್ದು. ಅದಕ್ಕೂ ಮೊದಲಿದ್ದ ಕಟ್ಟಡವನ್ನು ಆಗಿನ ಯುವರಾಜ ಚಾರ್ಲ್ಸ್ ವೇಲ್ಸಿನ ಅತಿ ಎತ್ತರದ ಕೊಳೆಗೇರಿ ಎಂದು ಕರೆದಿದ್ದರು. ಹೊಸದು ಚೆನ್ನಾಗಿದೆ, ಆದರೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಬಿಸಿ ಚಹಾ ಸಿಗುತ್ತದೆಂದು ಫ್ಲಾಸ್ಕ್ ಬಿಟ್ಟು ಬಂದವರು ಮುಚ್ಚಿದ ಬಾಗಿಲ ಮುಂದೆ ನಿಂತು ಓದಲು ಅಲ್ಲೇ ಕವಿತೆಯ ಸಾಲುಗಳಿವೆ.

ತುತ್ತತುದಿಯ ಕಲ್ಲುಕಂಬ ಮುಟ್ಟಲು ಬೇಸಿಗೆಯ ವಾರಾಂತ್ಯದಲ್ಲಿ ಸಾಲು ನಿಲ್ಲಬೇಕು. ವಿಶೇಷ ದರ್ಶನದ ಟಿಕೆಟ್ ಇಲ್ಲ. ನೀವು ನಿಂತಿರುವುದು, ಐತಿಹ್ಯದ ಪ್ರಕಾರ, ಒಬ್ಬ ರಾಕ್ಷಸನ ಸಮಾಧಿಯ ಮೇಲೆ. ಆತನ ಹೆಸರು ರಿಟ ಗೌರ್. ತಾನು ಕೊಂದ ರಾಜರ ಗಡ್ಡಗಳನ್ನು ಸೇರಿಸಿ ಹೊದಿಕೆ ಹೊಲಿಸಿಕೊಂಡಿದ್ದ. ಆರ್ಥರ್ ರಾಜನ ಗಡ್ಡಕ್ಕೆ ಕೈ ಹಾಕಿದಾಗ ಪ್ರಾಣ ಕಳೆದುಕೊಂಡ. ಅವನ ಮೇಲೆ ಪೇರಿಸಿದ ಕಲ್ಲುರಾಶಿಯೇ ಈ ನೆತ್ತಿ. ಬೆಂಗಳೂರಿನಿಂದ ಸೊಂಪಾದ ಗಡ್ಡ ಬಿಟ್ಟುಕೊಂಡು ಬಂದ ತರುಣರು ಇಲ್ಲಿ ಸ್ವಲ್ಪ ಎಚ್ಚರದಿಂದಿರಲಿ.

ಹಂತ 5. ಇಳಿಯುವಿಕೆ. ಶಿಖರದಿಂದ ನೈಋತ್ಯಕ್ಕೆ ತುಸು ನಡೆದರೆ ಒಂದು ನಿಲುಗಲ್ಲು. ಅಲ್ಲಿಂದ ಎಡಕ್ಕೆ ಬೀಳುವುದು ವಾಟ್ಕಿನ್ ಹಾದಿ. ರೈಲು ಉದ್ಯಮಿ ಎಡ್ವರ್ಡ್ ವಾಟ್ಕಿನ್ ಹೆಸರಿನ ಈ ದಾರಿಯನ್ನು 1892ರಲ್ಲಿ ಉದ್ಘಾಟಿಸಿದವರು ಪ್ರಧಾನಿ ಗ್ಲ್ಯಾಡ್‌ಸ್ಟನ್, ವಯಸ್ಸು 82. ಅವರು ಭಾಷಣ ಮಾಡಿದ್ದು ಕೆಳಗಿನ ಕಣಿವೆಯ ಬಂಡೆಯ ಮೇಲೆ ನಿಂತು. ಉದ್ಘಾಟಕರು ಕಾಮಗಾರಿಯ ಕಷ್ಟದ ಭಾಗಕ್ಕೆ ಹೋಗದಿರುವ ಪದ್ಧತಿ ಎಲ್ಲ ದೇಶಗಳಲ್ಲೂ ಇದೆ. ನೀವು ಇಳಿಯುವುದು ಆ ಕಷ್ಟದ ಭಾಗ: ಕಡಿದಾದ ಉದುರುಗಲ್ಲು, ಕಾಲಿಟ್ಟರೆ ನೆಲವೇ ನಿಮ್ಮ ಜೊತೆ ಹೊರಡುತ್ತದೆ. ಕಲ್ಲು ಉರುಳಿದರೆ ಕೆಳಗಿನವರಿಗೆ ಕೇಳುವಂತೆ ಕೂಗಿರಿ. "ಕಲ್ಲು!" ಎಂದು ಕನ್ನಡದಲ್ಲಿ ಕೂಗಿದರೂ ನಡೆಯುತ್ತದೆ, ದನಿಯಲ್ಲೇ ಅರ್ಥವಾಗುತ್ತದೆ.

ಹಂತ 6. ಲಿವೆದ್. ಉದುರುಗಲ್ಲು ಮುಗಿದಲ್ಲಿ ಬುಲ್ಖ್ ಅ ಸೈಥೈ ಎಂಬ ತಗ್ಗು. ಆರ್ಥರ್ ಬಾಣದ ಪೆಟ್ಟು ತಿಂದು ಬಿದ್ದದ್ದು ಇಲ್ಲೇ ಎನ್ನುತ್ತಾರೆ; ಅವನ ಯೋಧರು ಲಿವೆದ್‌ನ ಗುಹೆಯೊಂದರಲ್ಲಿ ಇಂದಿಗೂ ನಿದ್ದೆ ಮಾಡುತ್ತಿದ್ದಾರಂತೆ. ಈ ಹೊತ್ತಿಗೆ ನಿಮಗೂ ಅದೇ ಬೇಕೆನಿಸಿರುತ್ತದೆ. ಮುಂದೆ ಲಿವೆದ್ ಮತ್ತೆ ಏರು. ಕಾಲು ಸೋತಿದೆ, ಗಮನ ಚದುರಿದೆ, ಎಡಗಡೆ ಕೆರೆಯತ್ತ ಮುನ್ನೂರು ಮೀಟರಿನ ಕಲ್ಲುಗೋಡೆ ಬೀಳುತ್ತದೆ. ಕ್ರೀಬ್ ಗೋಖ್ ಮೇಲೆ ತೋರಿದ ಭಯಭಕ್ತಿಯ ಅರ್ಧದಷ್ಟಾದರೂ ಇಲ್ಲಿಗೆ ಉಳಿಸಿಕೊಂಡಿರತಕ್ಕದ್ದು.

ಹಂತ 7. ಲಿನ್ ಲಿಡಾವ್ ದಂಡೆಗೆ ಇಳಿದು ಗಣಿಗಾರರ ಹಾದಿ ಸೇರಿರಿ. ತಾಮ್ರದ ಅದಿರು ಸಾಗಿಸಲು ಮಾಡಿದ ಅಗಲ ರಸ್ತೆ. ಕೆರೆಗೆ ಅಡ್ಡಲಾಗಿ 1853ರಲ್ಲಿ ಕಟ್ಟಿದ ದಾರಿದಿಬ್ಬ ಇಂದಿಗೂ ಇದೆ. ನಾವು ರಜೆ ಹಾಕಿ, ದುಡ್ಡು ಕೊಟ್ಟು, ಬೆನ್ನಿಗೆ ಚೀಲ ಕಟ್ಟಿಕೊಂಡು ಬರುವ ಈ ಜಾಗದಲ್ಲಿ ಹಿಂದೆ ಜನ ಹೊಟ್ಟೆಪಾಡಿಗೆ ಬಂದು, ವಾರಗಟ್ಟಲೆ ಮೇಲೆಯೇ ಉಳಿದು ಕಲ್ಲು ಒಡೆಯುತ್ತಿದ್ದರು. ಅವರಿಗೆ ಲಾಳ ಸುತ್ತುವ ಯೋಚನೆ ಬಂದಿರಲಾರದು. ಇಲ್ಲಿಂದ ಕಾರಿನವರೆಗೆ ಬರೀ ನಡಿಗೆ, ಸೈಟಿನ ಬೆಲೆ ಮತ್ತೆ ಶುರು.

6. ತುರ್ತು ನಿಲುಗಡೆ

ಸಾಮಾನ್ಯವಾಗಿ ಗ್ರಾಹಕರು ಬಿಟ್ಟು ಓದುವ ಅಧ್ಯಾಯ ಇದೇ. ಬಿಡಬಾರದು.

ಲಾಳಕ್ಕೆ ಒಳ್ಳೆಯ ಹೊರದಾರಿಗಳಿವೆ, ಎಲ್ಲ ಕಡೆ ಇಲ್ಲ. ಮೊದಲನೆಯದು ಬುಲ್ಖ್ ಅ ಮೋಖ್: ಗಾಳಿ, ಮಂಜು, ಹೆದರಿಕೆ, ಯಾವುದಿದ್ದರೂ ಪಿಗ್ ಹಾದಿ ಹಿಡಿಯಬಹುದು. ಅದನ್ನು ಬಿಟ್ಟು ಕ್ರೀಬ್ ಗೋಖ್ ಹತ್ತಿದಿರೋ, ಬುಲ್ಖ್ ಗ್ಲಾಸ್ ಮುಟ್ಟುವವರೆಗೆ ಸುಲಭದ ಬಾಗಿಲಿಲ್ಲ. ಬುಲ್ಖ್ ಗ್ಲಾಸ್‌ನಿಂದ ಪಿಗ್ ಅಥವಾ ಗಣಿಗಾರರ ಹಾದಿಯಲ್ಲಿ ಇಳಿಯಬಹುದು, ರೈಲುಹಳಿಯ ಪಕ್ಕದ ಲಾನ್‌ಬೆರಿಸ್ ಹಾದಿಯೂ ಇದೆ. ಶಿಖರ ಮುಟ್ಟಿದ ಮೇಲೂ ಲಿವೆದ್ ಬೇಡವೆಂದರೆ ಅದೇ ಬುಲ್ಖ್ ಗ್ಲಾಸ್‌ಗೆ ಮರಳಬಹುದು.

ಬಾಗಿಲು ಇರುವುದು ಗೊತ್ತಿದ್ದರೂ ಬಳಸದಂತೆ ತಡೆಯುವ ಒಂದು ಉಪಕರಣ ಪ್ರತಿ ಗುಂಪಿನಲ್ಲೂ ಇರುತ್ತದೆ. ಅದು ಒಂದು ವಾಕ್ಯ: "ಇಷ್ಟು ದೂರ ಬಂದಿದ್ದೀವಲ್ಲ." ಬರ್ಮಿಂಗ್‌ಹ್ಯಾಮ್‌ನಿಂದ ಮೂರು ಗಂಟೆ ಕಾರು ಓಡಿಸಿದ್ದೇವೆ, ಪಾರ್ಕಿಂಗ್ ದುಡ್ಡು ಕಟ್ಟಿದ್ದೇವೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಪಾತಿ ಲಟ್ಟಿಸಿದ್ದೇವೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಿ ಬಂದಿದ್ದೇವೆ. ಈ ಎಲ್ಲ ಖರ್ಚೂ ಸತ್ಯ. ಆದರೆ ಅವೆಲ್ಲ ಆಗಿರುವುದು ಬೆಟ್ಟದ ಕೆಳಗೆ. ಮೇಲೆ ಎದ್ದಿರುವ ಗಾಳಿಗೆ ಅವುಗಳ ರಸೀದಿ ತೋರಿಸಿ ಪ್ರಯೋಜನವಿಲ್ಲ. ಸುತ್ತುಹಾದಿಯ ಮೋಸವೇ ಇದು: ಬಂದ ದಾರಿಯಲ್ಲೇ ಮರಳುವ ಬೆಟ್ಟದಲ್ಲಿ ತಿರುಗುವುದು ಸಹಜ ಎನಿಸುತ್ತದೆ, ಸುತ್ತಿನಲ್ಲಿ ತಿರುಗಿದರೆ ಏನೋ ಅರ್ಧಕ್ಕೆ ನಿಂತಿತು ಎನಿಸುತ್ತದೆ. ಕಾಲು ಭಾಗ ಮುಗಿದಿದೆ, ಮುಕ್ಕಾಲು ಉಳಿದಿದೆ ಎಂಬ ಲೆಕ್ಕ ನಮ್ಮದು. ಬೆಟ್ಟ ಲೆಕ್ಕ ಇಟ್ಟಿಲ್ಲ.

ಪ್ರತಿವಿಧಿ: ಗುಂಪಿನಲ್ಲಿ ಅತಿ ಹೆಚ್ಚು ಹೆದರಿದವರು ಯಾರೋ ಅವರ ಮಾತೇ ಅಂತಿಮ. ಮತದಾನ ನಡೆಸಬಾರದು. "ಬನ್ನಿ ಭಾವ, ನಾನಿದ್ದೀನಲ್ಲ" ಎನ್ನಬಾರದು. ನೀವಿದ್ದೀರಿ ಎಂಬುದರಿಂದ ಭಾವನವರ ಕಾಲಿಗೆ ಹೊಸ ಹಿಡಿ ಹುಟ್ಟುವುದಿಲ್ಲ.

7. ದೋಷ ನಿವಾರಣೆ

ದೋಷ: ಏನೂ ಕಾಣುತ್ತಿಲ್ಲ. ಕಾರಣ: ಮೋಡ. ಪರಿಹಾರ: ನಕ್ಷೆ, ದಿಕ್ಸೂಚಿ. ಮುಂದಿನವರನ್ನು ಹಿಂಬಾಲಿಸುವುದು ಪರಿಹಾರವಲ್ಲ. ಅವರು ನಿಮ್ಮನ್ನು ಹಿಂಬಾಲಿಸುತ್ತಿರಬಹುದು.

ದೋಷ: ಏಣಿನ ಮೇಲೆ ಕಾಲು ಅಲುಗುತ್ತಿಲ್ಲ. ಕಾರಣ: ಬುದ್ಧಿ ಸರಿಯಾಗಿ ಕೆಲಸ ಮಾಡುತ್ತಿದೆ. ಪರಿಹಾರ: ಕೂತುಕೊಳ್ಳಿ. ಉಸಿರಾಡಿ. ಮೂರು ಅಂಗ ಬಂಡೆಯ ಮೇಲಿರುವಾಗ ನಾಲ್ಕನೆಯದನ್ನು ಮಾತ್ರ ಸರಿಸಿ. ಹಿಂದಿನವರು ಕಾಯಲಿ, ಅವರಿಗೂ ವಿಶ್ರಾಂತಿ ಬೇಕಿತ್ತು.

ದೋಷ: ಮಾತು ತೊದಲುತ್ತಿದೆ, ನಡುಕ ನಿಂತುಹೋಗಿದೆ, ಹೆಜ್ಜೆ ತೂಗಾಡುತ್ತಿದೆ. ಕಾರಣ: ದೇಹದ ಕಾವು ಅಪಾಯಕಾರಿಯಾಗಿ ಇಳಿದಿದೆ. ಇಲ್ಲಿ ತಮಾಷೆಯಿಲ್ಲ. ಗಾಳಿಗೆ ಮರೆ ಮಾಡಿ, ಒಣಬಟ್ಟೆ ಹೊದಿಸಿ, ಸಹಾಯಕ್ಕೆ ಕರೆ ಮಾಡಿ.

ಸಹಾಯವಾಣಿ: 999 ಅಥವಾ 112. ಮೊದಲು ಪೊಲೀಸರನ್ನು ಕೇಳಿ, ಆಮೇಲೆ ಪರ್ವತ ರಕ್ಷಣೆ ಬೇಕೆನ್ನಿ. ಸಿಗ್ನಲ್ ಇಲ್ಲದಿದ್ದರೆ ಸೀಟಿ: ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರವಾಗಿ ಮೂರು ಸೀಟಿ ಕೇಳಿಸಿದರೆ ಯಾರಿಗೋ ತಲುಪಿದೆ ಎಂದರ್ಥ. ಬರುವವರು ಲಾನ್‌ಬೆರಿಸ್ ತಂಡದವರು. ಅವರಿಗೆ ಸಂಬಳವಿಲ್ಲ. ಯಾವುದೋ ಕೆಲಸದಲ್ಲಿರುವ, ಊಟಕ್ಕೆ ಕೂತಿರುವ, ಮಗುವನ್ನು ಮಲಗಿಸುತ್ತಿರುವ ಸ್ಥಳೀಯರು. ಫೋನು ಬಂದರೆ ಎದ್ದು ಹೊರಡುತ್ತಾರೆ. ನಿಮ್ಮಿಂದ ಒಂದು ಪೈಸೆ ಕೇಳುವುದಿಲ್ಲ. ಬ್ಯಾಟರಿ ಮುಗಿದಿದೆ, ಟಾರ್ಚು ತಂದಿಲ್ಲ ಎಂಬ ಕಾರಣಕ್ಕೆ ಅವರ ಊಟದ ತಟ್ಟೆ ತಣ್ಣಗಾಗಬಾರದು ಎಂಬುದಕ್ಕಾಗಿಯೇ 3ನೇ ಅಧ್ಯಾಯವನ್ನು ಅಷ್ಟು ಉದ್ದ ಬರೆಯಲಾಗಿದೆ.

8. ವಾರಂಟಿ ಮತ್ತು ಕುಂದುಕೊರತೆ

ದೃಶ್ಯಗಳಿಗೆ ವಾರಂಟಿ ಇಲ್ಲ. ದಿನ ಚೆನ್ನಾಗಿದ್ದರೆ ಐರಿಷ್ ಸಮುದ್ರದವರೆಗೆ ಕಾಣಬಹುದು. ಇಲ್ಲದಿದ್ದರೆ ನಿಮ್ಮ ಕೈಗವಸಿನವರೆಗೆ. ಮೊಣಕಾಲು ನೋವು, ಒದ್ದೆಯಾದ ಪಾಸ್‌ಪೋರ್ಟು, ಗುಂಪಿನೊಳಗೆ ಎರಡು ದಿನ ಮಾತು ಬಿಟ್ಟಿರುವುದು, ಇವು ಸಹಜ ಸವಕಳಿ; ಪರಿಹಾರ ಕೊಡಲಾಗುವುದಿಲ್ಲ. ಉತ್ಪನ್ನವನ್ನು ಹಿಂದಿರುಗಿಸಲಾಗುವುದಿಲ್ಲ, ಗ್ರಾಹಕರು ಹಿಂದಿರುಗಿದರೆ ಸಾಕು.

ಪೂರ್ತಿ ಸುತ್ತಿದವರಿಗೆ ಸಂಸ್ಥೆ ಯಾವ ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಅವರು ತಾವೇ ಫೋಟೋ ಹಾಕಿಕೊಂಡು, ಕೆಳಗೆ ನಾಲ್ಕು ಶಿಖರಗಳ ಹೆಸರು ಬರೆದುಕೊಂಡು ಸುಧಾರಿಸಿಕೊಳ್ಳುತ್ತಾರೆ. ಗಾಳಿ ಜೋರಿದ್ದ ದಿನ ಬುಲ್ಖ್ ಅ ಮೋಖ್‌ನಲ್ಲಿ ನಿಂತು, ಮೇಲೊಮ್ಮೆ ನೋಡಿ, ಎಡಗಡೆಯ ದಾರಿ ಹಿಡಿದವರ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಲಾನ್‌ಬೆರಿಸ್ ರಕ್ಷಣಾ ತಂಡದ ದಾಖಲೆಯಲ್ಲಂತೂ ಇರುವುದೇ ಇಲ್ಲ. ಈ ಕೈಪಿಡಿಯನ್ನು ಸರಿಯಾಗಿ ಓದಿದವರು ಅವರೇ ಎಂದು ತಿಳಿಯತಕ್ಕದ್ದು.